ಗೇಟಿಗೆ ನೇತುಹಾಕಿದ ರೊಟ್ಟಿ

ಗೇಟಿಗೆ ನೇತುಹಾಕಿದ್ದೆಲ್ಲ ಹಸಿಕಸ. ನರಸಮ್ಮ ಹೀಗೊಂದು ಕಾನೂನು ಮಾಡಿಕೊಂಡು ಒಂಬತ್ತು ದಿನವಾಗಿತ್ತು.

ಚಂದ್ರಾ ಲೇಔಟಿನ ನಾಲ್ಕು ಅಡ್ಡರಸ್ತೆಗಳನ್ನು ಹದಿನಾರು ವರ್ಷದಿಂದ ಗುಡಿಸುತ್ತ ಬಂದವಳು ಅವಳು. ಬೆಳಗಿನ ಆರೂವರೆಗೆ ಪೊರಕೆ ಹಿಡಿದರೆ ಹತ್ತರವರೆಗೆ ಹೊಟ್ಟೆಗೆ ಏನೂ ಇಲ್ಲ. ಆ ಹೊತ್ತಿಗೆ ಮನೆಮನೆಯ ಗೇಟಿನಲ್ಲೂ ಪ್ಲಾಸ್ಟಿಕ್ ಕವರುಗಳು ತೂಗಾಡುತ್ತಿದ್ದವು. ನಿನ್ನೆಯ ಅನ್ನ, ಮೊನ್ನೆಯ ಪಲ್ಯ, ಯಾರದೋ ಮದುವೆಯಿಂದ ತಂದು ಫ್ರಿಜ್ಜಿನಲ್ಲಿ ಮರೆತ ಪಲಾವು. ಕೊಟ್ಟವರ ಮುಖ ಕಾಣುವುದಿಲ್ಲ. ತೆಗೆದುಕೊಂಡವರ ಮುಖವನ್ನು ಅವರು ನೋಡಬೇಕಾಗಿಲ್ಲ. ಎಷ್ಟು ಅಚ್ಚುಕಟ್ಟಾದ ಏರ್ಪಾಡು! ಒಂಬತ್ತು ದಿನದ ಹಿಂದೆ ಅಂಥದೊಂದು ಕವರು ಬಿಚ್ಚಿದಾಗ ಹಳಸಿದ ಅನ್ನ ನೂಲುನೂಲಾಗಿ ಬೆರಳಿಗೆ ಅಂಟಿಕೊಂಡು ಬಂತು. ಹಸಿಕಸ ಯಾವುದು, ಒಣಕಸ ಯಾವುದು ಎಂದು ಈ ಬೀದಿಗೆ ಬಾಗಿಲು ಬಾಗಿಲಿಗೂ ಹೋಗಿ ಕಲಿಸಿದವಳೇ ನರಸಮ್ಮ. ಕಲಿಸಿದ್ದನ್ನು ಅಂದು ತಾನೂ ಪಾಲಿಸಿದಳು. ಕವರು ಹರಿದು ಅನ್ನವನ್ನು ಕಸದ ಆಟೋದ ಹಸಿಕಸದ ಡಬ್ಬಕ್ಕೆ ಸುರಿದಳು.

“ಇನ್ಮೇಲೆ ಗೇಟಿಂದು ಯಾರೂ ತಿನ್ಬಾರ್ದು,” ಎಂದು ಜೊತೆಯ ಐವರು ಹೆಂಗಸರಿಗೆ ಹೇಳಿದಳು. “ಕೊಡೋರು ನಮ್ ಜೊತೆ ಕೂತು ಉಣ್ಲಿ. ಇಲ್ಲಾಂದ್ರೆ ಬೇಡ.”

ಅವರಲ್ಲೊಬ್ಬಳಾದ ಶಿವಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನಿನ್ ಹಟಕ್ಕೆ ಆರು ಹೊಟ್ಟೆ ಉಪವಾಸ ಕೆಡವ್ತೀಯಾ? ಈ ಬೀದಿಯೋರು ಬಂದು ನಿನ್ ಪಕ್ಕ ಕೂತ್ಕೋತಾರಾ? ಕನಸು ಬಿತ್ತೇನಕ್ಕ?”

“ಹತ್ತು ದಿನ ತಡ್ಕೊಳ್ಳೇ. ಒಂದು ಮನೆಯೋರೂ ಬರ್ಲಿಲ್ಲ ಅಂದ್ರೆ ನಾನೇ ಕವರ್ ಬಿಚ್ಚಿ ನಿಂಗೆ ಬಡಿಸ್ತೀನಿ.”

ಒಂಬತ್ತು ದಿನದಲ್ಲಿ ಯಾರೂ ಬರಲಿಲ್ಲ. ಕವರುಗಳು ಮಾತ್ರ ತಪ್ಪಲಿಲ್ಲ.

ಒಂಬತ್ತನೆಯ ದಿನ, ಹೊಸದಾಗಿ ಬಾಡಿಗೆಗೆ ಬಂದವರ ಗೇಟಿನಲ್ಲೂ ಒಂದು ಕವರಿತ್ತು. ನರಸಮ್ಮ ನೋಡಲೂ ಇಲ್ಲ, ಹರಿದು ಸುರಿದಳು. ಸುರಿಯುವಾಗ ಬೆರಳಿಗೆ ಬಿಸಿ ತಾಗಿತು. ಸಬ್ಬಸಿಗೆ ಸೊಪ್ಪಿನ ವಾಸನೆ ಬಂತು. ಅಷ್ಟರಲ್ಲಿ ಮೂರು ಅಕ್ಕಿರೊಟ್ಟಿ ಹಣ್ಣಿನ ಸಿಪ್ಪೆಯ ಮೇಲೆ ಬಿದ್ದಾಗಿತ್ತು.

“ಅಯ್ಯೋ! ಏನ್ರೀ ಮಾಡಿದ್ರಿ?” ಆ ಮನೆಯ ಅನಂತಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿನ್ನೂ ಹಿಟ್ಟು. “ಈಗ ತಾನೇ ತಟ್ಟಿದ್ದು! ನಿಮಗೋಸ್ಕರ ಅಂತ!”

ನರಸಮ್ಮ ಡಬ್ಬದೊಳಗೆ ನೋಡಿದಳು. ಬಿಸಿರೊಟ್ಟಿಯನ್ನು ಕಸಕ್ಕೆ ಹಾಕಿದ ಕೈ ಅವಳದೇ ಆಗಿತ್ತು. ಆದರೂ ಬೆನ್ನು ಬಗ್ಗಿಸಲಿಲ್ಲ.

“ನಂಗೋಸ್ಕರ ಅಂದ್ರೆ ನನ್ ಕರೆದು ಕೊಡ್ಬೇಕಿತ್ತು ಮೇಡಂ.”

“ಅಕ್ಕಪಕ್ಕದವರೆಲ್ಲ ಗೇಟಿಗೆ ಹಾಕ್ತಾ ಇದ್ರು. ಇಲ್ಲಿ ಹಾಗೇ ಅಂದ್ಕೊಂಡೆ. ನಿಮ್ಮ ಹೆಸರೂ ಗೊತ್ತಿಲ್ಲ.”

“ಕೇಳಿದ್ರೆ ಹೇಳ್ತಿದ್ದೆ. ನರಸಮ್ಮ. ರೊಟ್ಟಿ ಹಾಳಾಯ್ತಲ್ಲ ಅಂತ ಬೇಜಾರಿದೆ. ಗೇಟಿಂದು ಬಿಸಾಕಿದ್ದಕ್ಕಿಲ್ಲ.” ಕೈಯನ್ನು ಸೀರೆಗೆ ಒರೆಸಿಕೊಂಡಳು. “ನಾಳೆ ಹತ್ತು ಗಂಟೆಗೆ ಆ ಹೊಂಗೆ ಮರದ ಕೆಳಗೆ ಬನ್ನಿ. ನಿಮ್ ರೊಟ್ಟಿ ಬದ್ಲು ನಮ್ಮನೆ ಮುದ್ದೆ ಉಣ್ಣಿ.”

ಅನಂತಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಒಳಗೆ ಹೋದಳು. ಈ ಬೀದಿಯಲ್ಲಿ ಅನ್ನ ಹೋಗುತ್ತಿದ್ದುದು ಮನೆಯಿಂದ ಬೀದಿಗೆ ಮಾತ್ರ. ಬೀದಿಯಿಂದ ಮನೆಯವರಿಗೆ ಕರೆ ಹೋದದ್ದು ಅದೇ ಮೊದಲು.

ಮರುದಿನ ನರಸಮ್ಮ ನಾಲ್ಕಕ್ಕೇ ಎದ್ದು ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರು ಮಾಡಿ ತಂದಳು. ಆರೂ ಜನ ಹೊಂಗೆ ಮರದ ಕೆಳಗೆ ಕುಳಿತರು. ಹತ್ತು ಗಂಟೆಯಾಯಿತು, ಹತ್ತೂಕಾಲಾಯಿತು. ಅವಳು ಬುತ್ತಿ ಬಿಚ್ಚಲಿಲ್ಲ.

“ತಣ್ಣಗಾಗ್ತದೆ, ತಿನ್ನಕ್ಕ,” ಎಂದಳು ಶಿವಗಂಗಮ್ಮ. “ಹತ್ತನೇ ದಿನ ಇವತ್ತು. ಬಡಿಸ್ತೀಯಲ್ಲ ಕವರಿಂದು? ಆ ಮೂಲೆಮನೇಲಿ ಪುಳಿಯೋಗರೆ ತೂಗಾಡ್ತಾ ಇದೆ.”

“ಹತ್ತನೇ ದಿನ ಇನ್ನೂ ಮುಗಿದಿಲ್ಲ.”

ಗೇಟು ಕಿರುಗುಟ್ಟಿತು. ಅನಂತಲಕ್ಷ್ಮಿ ಖಾಲಿ ಸ್ಟೀಲ್ ತಟ್ಟೆ ಹಿಡಿದು ರಸ್ತೆ ದಾಟಿ ಬಂದಳು. ಎದುರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಕೈ ನಿಂತಿತು. ಅನಂತಲಕ್ಷ್ಮಿ ಫುಟ್‌ಪಾತಿನ ಚಪ್ಪಡಿಯ ಮೇಲೆ ಸೆರಗು ಸರಿಸಿಕೊಂಡು ಕುಳಿತಳು. ಹಿಂದೆಯೇ ಗೇಟಿನ ಬಳಿ ಗಂಡ ಗೋಪೀನಾಥ.

“ಅನಂತೂ, ಏನೇ ಇದು? ರಸ್ತೇಲಿ ಕೂತ್ಕೊಂಡು? ಜನ ನೋಡ್ತಾರೆ!”

“ಊಟಕ್ಕೆ ಕರೆದಿದ್ರು, ಬಂದಿದೀನಿ. ನೋಡ್ಲಿ ಬಿಡಿ.”

“ಬಾಡು ಗೀಡು ಇಲ್ಲ ಇವತ್ತು, ಬರೀ ಕಾಳು, ಹೆದರ್ಕೋಬೇಡಿ ಸಾರ್!” ಎಂದು ಶಿವಗಂಗಮ್ಮ ಕೂಗಿದಳು. ಗೋಪೀನಾಥ ಒಳಗೆ ಹೋದ.

ನರಸಮ್ಮ ಬಡಿಸಿದಳು. ಅನಂತಲಕ್ಷ್ಮಿ ತುತ್ತು ಬಾಯಿಗಿಟ್ಟು ಅಗಿದಳು. ಅಗಿದಷ್ಟೂ ಮುದ್ದೆ ಹಲ್ಲಿಗೆ ಮೆತ್ತಿಕೊಂಡು, ಬಾಯಿ ತೆರೆಯಲಾರದೆ ಕಣ್ಣು ಬಿಟ್ಟಳು.

“ಅಗೀಬೇಡಿ ಮೇಡಂ, ಸಾರಲ್ಲಿ ಹೊರಳ್ಸಿ ನುಂಗಿ. ಹಲ್ಲಿಗೆ ಇಲ್ಲಿ ರಜಾ!” ಎಂದಳು ನರಸಮ್ಮ.

ಆರೂ ಜನ ನಕ್ಕರು. ನುಂಗಿದ ಮೇಲೆ ಅನಂತಲಕ್ಷ್ಮಿಯೂ ನಕ್ಕಳು. “ನಾವು ಬಂದು ಒಂದೂವರೆ ತಿಂಗಳಾಯ್ತು. ಈ ಬೀದೀಲಿ ನನ್ನ ಊಟಕ್ಕೆ ಕರೆದೋರು ನೀವೇ ಮೊದಲು.”

“ಹಂಗಾದ್ರೆ ನಿಮ್ಗೂ ಗೇಟೇ ಗತಿ ಅನ್ನಿ,” ಎಂದು ಶಿವಗಂಗಮ್ಮ ತನ್ನ ಪಾಲಿನ ಈರುಳ್ಳಿಯನ್ನು ಮುರಿದು ಅವಳ ತಟ್ಟೆಗೆ ಹಾಕಿದಳು.

ತಟ್ಟೆ ಖಾಲಿಯಾದಾಗ ಅನಂತಲಕ್ಷ್ಮಿ ಹೇಳಿದಳು: “ನಾಳೆ ನಮ್ಮನೆಗೆ ಬನ್ನಿ ನರಸಮ್ಮ. ಒಳಗೆ.”

“ನಾನೊಬ್ಳೇ ಬರಲ್ಲ. ಆರು ಜನ ಇದೀವಿ.”

ಅನಂತಲಕ್ಷ್ಮಿ ಒಮ್ಮೆ ಮನೆಯ ಕಡೆ ನೋಡಿದಳು. ಒಳಗೆ ನಡೆಯಬೇಕಾದ ಜಗಳವೆಲ್ಲ ಅವಳ ಮುಖದಲ್ಲಿ ಹಾದುಹೋಯಿತು. “ಆರೂ ಜನ ಬನ್ನಿ,” ಎಂದಳು.

ಮರುದಿನ ಆರೂ ಜನ ನಲ್ಲಿಯಲ್ಲಿ ಕೈಕಾಲು ತೊಳೆದು, ಮುಂಬಾಗಿಲಿನಿಂದ ಹೋಗಿ ಹಾಲಿನಲ್ಲಿ ಸಾಲಾಗಿ ಕುಳಿತರು. ರೊಟ್ಟಿ ಬಿಸಿಬಿಸಿಯಾಗಿ ಬಂತು, ಕಾಯಿಚಟ್ನಿ ಬಂತು. ಗೋಪೀನಾಥ ಕೋಣೆಯ ಬಾಗಿಲಿಗೆ ಒರಗಿ, ಕೈಕಟ್ಟಿ ನೋಡುತ್ತಿದ್ದ. ಶಿವಗಂಗಮ್ಮನ ಕೈ ರೊಟ್ಟಿಯ ಹತ್ತಿರ ಹೋಗಿತ್ತು. ನರಸಮ್ಮ ಅದನ್ನು ಮೊಣಕೈಯಿಂದ ತಡೆದಳು.

“ಸಾರ್, ನೀವೂ ಕೂತ್ಕೊಳ್ಳಿ.”

“ನಂದು ತಿಂಡಿ ಆಗಿದೆ. ನೀವು ತಿನ್ನಿ.”

“ಅರ್ಧ ರೊಟ್ಟಿ ತಿನ್ನಿ, ಸಾಕು. ನಿಂತು ನೋಡೋರ ಮುಂದೆ ನಾವು ಉಣ್ಣಲ್ಲ.”

ಒಳಗೆ ಕಾವಲಿಯ ಮೇಲಿನ ರೊಟ್ಟಿ ಸೀಯತೊಡಗಿತು. ಆರು ಜನರ ಹನ್ನೆರಡು ಕೈಗಳೂ ಮಡಿಲಲ್ಲೇ ಇದ್ದವು. ಅನಂತಲಕ್ಷ್ಮಿ ಒಲೆ ಆರಿಸಿ ಬಂದು ಶಿವಗಂಗಮ್ಮನ ಪಕ್ಕದಲ್ಲಿ ಕುಳಿತಳು. ತನ್ನ ಎದುರಿಗೆ ಗಂಡನಿಗೆಂದು ಇನ್ನೊಂದು ತಟ್ಟೆ ಇಟ್ಟಳು.

“ಮಂಡಿನೋವು ನಂಗೆ,” ಎಂದು ಗೊಣಗಿದ ಗೋಪೀನಾಥ.

“ನಮ್ಗೂ ಇದೆ ಸಾರ್,” ಎಂದಳು ನರಸಮ್ಮ. “ಮೆಲ್ಲಗೆ ಕೂತ್ಕೊಳ್ಳಿ.”

ಅವನು ಗೋಡೆ ಹಿಡಿದು ಕುಳಿತ. ನರಸಮ್ಮ ತನ್ನ ತಟ್ಟೆಯ ರೊಟ್ಟಿಯನ್ನು ಎರಡಾಗಿ ಮುರಿದು ಅರ್ಧವನ್ನು ಅವನ ತಟ್ಟೆಗೆ ಹಾಕಿದಳು. ಗೋಪೀನಾಥ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ.

“ಈಗ ಉಣ್ರೇ,” ಎಂದಳು ನರಸಮ್ಮ.