ಹನ್ನೆರಡು ತೂತು

“ಈ ತೂತು ಮುಚ್ಚಿದ್ದು ಯಾರು?” ಹೇಮಶ್ರೀ ಕೂಗಿದಳು.

ಕುಣಿಗಲ್ ಕೆರೆ ಪಕ್ಕದ ಅಕ್ಕಿ ಗಿರಣಿಯ ಚಿಮಣಿ ಕಪ್ಪು ಹೊಗೆ ಕಾರುತ್ತಿತ್ತು. ಹೊಗೆಯಿಲ್ಲದ ಉರಿಯ ಬಗ್ಗೆ ಸಂಶೋಧನೆ ಮಾಡುವ ಅವಳು ತುಮಕೂರಿನ ಕಾಲೇಜಿನಿಂದ ಬಂದು, ಬಾಯ್ಲರಿನ ಒಲೆಗೆ ಗಾಳಿ ಸಿಗಲೆಂದು ನಿನ್ನೆ ಸಂಜೆ ಹನ್ನೆರಡು ತೂತು ಕೊರೆಸಿದ್ದಳು. ಇವತ್ತು ಪರೀಕ್ಷೆ.

“ನಾನೇ,” ಅಂದ ಒಲೆಗೆ ಉರಿ ಹಾಕುವ ಕದರಯ್ಯ. ಕೈಯಲ್ಲಿನ್ನೂ ಜೇಡಿಮಣ್ಣು. “ಇಪ್ಪತ್ತೆರಡು ವರ್ಷದಿಂದ ಉರಿ ಹಾಕ್ತಾ ಇವ್ನಿ. ಹಚ್ಚೋಕ್ ಮುಂಚೆ ಸಂದಿಗೊಂದಿ ಎಲ್ಲಾ ಮೆತ್ತಬೇಕು. ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?”

“ಬೇಕಂತ್ಲೇ ಮಾಡಿದೀರ!”

ಅವಳ ಮಾತು ಪೂರ್ತಿ ಸುಳ್ಳಲ್ಲ. ಹನ್ನೊಂದನ್ನು ಕೈ ತನ್ನ ಪಾಡಿಗೆ ತಾನು ಮೆತ್ತಿತ್ತು. ಹನ್ನೆರಡನೆಯದಕ್ಕೆ ಬಂದಾಗ ಇವು ಅವಳು ಕೊರೆಸಿದ ತೂತು ಎಂದು ನೆನಪಾಗಿತ್ತು; ಆದರೂ ಮೆತ್ತಿದ. ಯಾಕೆ ಮೆತ್ತಬಾರದು? ಹೊಗೆ ನಿಂತರೆ ಒಲೆಗೆ ತಾನೇ ಹೊಟ್ಟು ಹಾಕುವ ಯಂತ್ರ ತರುತ್ತೇನೆ, ನಿನಗಿನ್ನು ರಜೆ ಎಂದು ಮಾಲೀಕ ದಯಾನಂದ ನಿನ್ನೆಯಷ್ಟೇ ಹಲ್ಲು ಕಿರಿದಿದ್ದ. ಈ ಹೊಗೆ ಕಂಡಮೇಲೇ ಕೆರೆಯಾಚೆ ಮನೆಯಲ್ಲಿ ಹೆಂಡತಿ ಓಬಳಮ್ಮ ಬುತ್ತಿ ಕಟ್ಟುವುದು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವಷ್ಟು ಪೆದ್ದನಲ್ಲ ಕದರಯ್ಯ.

“ಇದೇನಮ್ಮಾ ನಿಮ್ ರಿಸರ್ಚು?” ದಯಾನಂದ ಮೂಗಿಗೆ ಕರ್ಚೀಫು ಒತ್ತಿಕೊಂಡ. “ಮುಂಚೆಗಿಂತ ಜಾಸ್ತಿ ಹೊಗೆ! ಸಾಕು, ಗಂಟುಮೂಟೆ ಕಟ್ಟಿ.”

ಕದರಯ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೇಮಶ್ರೀ ಕಬ್ಬಿಣದ ಸಲಾಕೆ ಎತ್ತಿಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲ ತೂತಿಗೆ ಗುರಿಯಿಟ್ಟಳು.

“ಏಯ್, ಈಚೆ ಬಾರಮ್ಮಿ!” ಕದರಯ್ಯ ಅವಳ ತೋಳು ಹಿಡಿದೆಳೆದ. “ಒಳಗೆ ಹೊಗೆ ಕಟ್ಕಂಡದೆ. ನೇರ ಕೂತು ಚುಚ್ಚಿದ್ರೆ ಉರಿ ಮಕಕ್ಕೇ ನುಗ್ತದೆ. ಸಾಯಕ್ ಬಂದಿದೀಯಾ?”

“ಕೈ ಬಿಡ್ರಿ! ನೀವು ತೆಗೀದಿದ್ರೆ ನಾನು ಚುಚ್ಚೇ ಚುಚ್ತೀನಿ.”

ಇವಳ ಹಟಕ್ಕಿಷ್ಟು ಬೆಂಕಿ ಬೀಳ! ಬಿಟ್ಟರೆ ನಿಜಕ್ಕೂ ಮುಖ ಸುಟ್ಟುಕೊಳ್ಳುವವಳೇ. ಕದರಯ್ಯ ಸಲಾಕೆ ಕಿತ್ತುಕೊಂಡು, ಪಕ್ಕಕ್ಕೆ ನಿಂತು ಚುಚ್ಚಿದ. ಮೊಳದುದ್ದ ಉರಿ ಹೊರಚಾಚಿ ಒಳಸರಿಯಿತು. ಒಂದೊಂದೇ ತೆರೆದ. ಹನ್ನೆರಡನೆಯದರ ಮುಂದೆ ಸ್ವಲ್ಪ ಹೊತ್ತು ನಿಂತ. ಅದನ್ನೂ ಚುಚ್ಚಿದ.

ಹೊಗೆ ಕಂದು ಬಣ್ಣಕ್ಕೆ ತಿರುಗಿತು, ಬೂದು ಬಣ್ಣವಾಯಿತು, ಆಮೇಲೆ ಚಿಮಣಿಯ ಮೇಲೆ ಬರೀ ಆಕಾಶ. ಹೇಮಶ್ರೀ ಅವನ ಕಡೆ ತಿರುಗಿಯೂ ನೋಡದೆ ಹೊಗೆ ಅಳೆಯುವ ಮೀಟರಿನ ಅಂಕಿ ಬರೆದುಕೊಂಡಳು. ದಯಾನಂದ ಮೊಬೈಲಿನಲ್ಲಿ ಯಂತ್ರದವನ ನಂಬರು ಹುಡುಕತೊಡಗಿದ.

ಕದರಯ್ಯನ ಫೋನು ಬಡಿದುಕೊಂಡಿತು. ಓಬಳಮ್ಮ.

“ಹೊಗೆ ಕಾಣ್ತಿಲ್ವಲ್ಲ, ಕೆಲ್ಸ ಇಲ್ವಾ? ಊಟ ತರ್ಲಾ, ಬ್ಯಾಡ್ವಾ?”

ಅಂಗೈಯಲ್ಲಿ ಒಣಗಿದ್ದ ಮಣ್ಣನ್ನು ಅವನು ಪಂಚೆಗೆ ಉಜ್ಜಿದ.

“ಇವತ್ತು ತಗಂಡ್ ಬಾ,” ಅಂದ.