ಊರಿಂದೂರಿಗೆ ಒಂದು ಗಂಟು

ನನ್ನ ತಮ್ಮ ಪ್ರಭುದೇವನಿಗೆ ಬ್ಯಾಂಕಿನಲ್ಲಿ ಕೆಲಸ. ಬ್ಯಾಂಕಿನವರು ಕೆಲವು ವರ್ಷಕ್ಕೊಮ್ಮೆ ದೇಶ ನೋಡಿ ಬನ್ನಿ ಎಂದು ಖರ್ಚು ಕೊಡುತ್ತಿದ್ದರು. ಎಲ್‌ಟಿಸಿ ಎನ್ನುತ್ತಿದ್ದರು ಅದಕ್ಕೆ. ಅವನ ಜೊತೆಯವರೆಲ್ಲ ಆ ಪ್ರವಾಸದಿಂದ ಗಂಗಾಜಲವನ್ನೋ ಸ್ವೆಟರನ್ನೋ ತಂದರೆ, ನಮ್ಮನೆಗೆ ಬರುತ್ತಿದ್ದದ್ದು ಮಣಿ. ತರುತ್ತಿದ್ದವಳು ಅವನ ಹೆಂಡತಿ ಮಹಾನಂದ.

"ಎಲ್ರೂ ದೇವ್ರನ್ನ ನೋಡೋಕೆ ಹೋದ್ರೆ ಇವಳು ಗುಡಿ ಬಾಗ್ಲಲ್ಲಿ ಮಣಿ ಮಾರೋ ಮುದುಕೀನ ನೋಡೋಕೆ ಹೋಗ್ತಾಳೆ ಅಕ್ಕ" ಎಂದು ಪ್ರಭುದೇವ ನನ್ನ ಹತ್ತಿರ ದೂರುತ್ತಿದ್ದ.

"ದೇವ್ರು ಎಲ್ಲೂ ಹೋಗಲ್ಲರೀ. ಮುದುಕಿ ಸಂಜೆ ಆದ್ರೆ ಗಂಟು ಕಟ್ಕೊಂಡು ಹೋಗ್ಬಿಡ್ತಾಳೆ" ಎನ್ನುತ್ತಿದ್ದಳು ಅವಳು.

ಗಂಡ ತೀರಿಕೊಂಡ ಮೇಲೆ ನಾನು ಚಾಮರಾಜಪೇಟೆಯ ತಮ್ಮನ ಮನೆ ಸೇರಿದ್ದೆ. ನಡುಮನೆಯ ಕಿಟಕಿಯ ಕೆಳಗೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಒಂದು ಕಡೆ ನಾನು ನೂಲು ಹೊಸೆದು ಶಿವದಾರ ಮಾಡುತ್ತಾ ಕೂರುತ್ತಿದ್ದೆ. ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುತ್ತೇವಲ್ಲ, ಆ ದಾರ. ಇನ್ನೊಂದು ಕಡೆ ಮಹಾನಂದ ತನ್ನ ಮಣಿಗಳನ್ನು ಹರವಿಕೊಂಡು ಕೂರುತ್ತಿದ್ದಳು. ನನಗೆ ನಕಾಶೆ ನೋಡಲು ಬಾರದು. ದೇಶ ಎಷ್ಟು ದೊಡ್ಡದು ಎಂಬುದನ್ನು ಅವಳ ಮಡಿಲು ನೋಡಿಯೇ ತಿಳಿದೆ. ಕಚ್ಛಿನ ಬೆಳ್ಳಿ ಚೂರುಗಳು, ಮೈಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಗುಂಡು. ಬಸ್ತರಿನ ಹಿತ್ತಾಳೆ ಗೆಜ್ಜೆಗಳು. ಅವನ್ನು ಮೇಣದ ಎಳೆ ಸುತ್ತಿ ಎರಕ ಹೊಯ್ಯುತ್ತಾರಂತೆ. ಅದನ್ನು ನೋಡುತ್ತಾ ಕೂತು ಇವಳು ಬಸ್ಸನ್ನೇ ತಪ್ಪಿಸಿಕೊಂಡಿದ್ದಳು. ನಾಗಾ ಜನರ ಬೆಟ್ಟದ ಕೆಂಪು ಮಣಿ, ಜೈಪುರದ ನೀಲಿ ಪಿಂಗಾಣಿ.

ಅವಳ ಸರ ಸಣ್ಣದಾಗಿರುತ್ತಿರಲಿಲ್ಲ. ಎದೆ ತುಂಬಿ ಬರುತ್ತಿತ್ತು. ಅಂಥದ್ದೊಂದನ್ನು ಹಾಕಿಕೊಂಡು ಅವಳು ಗಾಂಧಿ ಬಜಾರಿಗೆ ಹೋದರೆ ಹೂ ಕಟ್ಟುವವರ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ ಯಾವ ಮಣಿ ಯಾವ ಊರಿನದು, ಮಾಡಿದವರು ಯಾರು, ಅವರ ಮನೆಯಲ್ಲಿ ಎಷ್ಟು ಮಕ್ಕಳು ಎನ್ನುವವರೆಗೆ ಹೇಳುತ್ತಿದ್ದಳು.

ಅವಳದೊಂದು ಕಟ್ಟಳೆಯಿತ್ತು. ಒಂದು ಊರಿನ ಮಣಿಗೂ ಇನ್ನೊಂದು ಊರಿನ ಮಣಿಗೂ ನಡುವೆ ಬಿಳಿ ನೂಲಿನ ಒಂದು ಗಂಟು ಹಾಕಲೇಬೇಕು. ಯಾಕೆ ಎಂದು ಒಮ್ಮೆ ಕೇಳಿದೆ.

"ಊರಿಂದ ಊರಿಗೆ ದಾರಿ ಬೇಡ್ವಾ ಅತ್ತಿಗೆ?" ಎಂದಳು.

ಮಗಳು ತನುಶ್ರೀಯ ಮದುವೆಗೆಂದು ಅವಳು ಕಟ್ಟಿದ ಸರದಲ್ಲಿ ಅವಳು ಕಂಡ ಊರುಗಳೆಲ್ಲ ಇದ್ದವು. ತನುಶ್ರೀ ಹೈಸ್ಕೂಲಿನಲ್ಲಿದ್ದಾಗಲೇ ಶುರು ಮಾಡಿದ್ದು ಅದು. ಮದುವೆಯ ದಿನ ಕರಡಿಗೆಯನ್ನು ಸೀರೆಯ ಮೇಲೆ ಕಾಣುವಂತೆ ಬಿಡುವುದು ನಮ್ಮ ಮನೆಯ ರೂಢಿ. ಆ ಕರಡಿಗೆಯ ಸುತ್ತ ಪ್ರಭಾವಳಿಯಂತೆ ನಿಲ್ಲಬೇಕೆಂದು ಮಗಳ ಕೊರಳಿಗೆ ಹಿಡಿದು ಹಿಡಿದು ಅಳತೆ ನೋಡಿದ್ದಳು. ಕರಡಿಗೆಗೆ ತೀರ ಹತ್ತಿರ ಬರುವ ಕಡೆ ಒಂದು ಸಾಲು ಬಿಳಿ ಮಣಿ. ಗ್ಯಾಂಗ್ಟಾಕಿನ ರಸ್ತೆ ಬದಿಯಲ್ಲಿ ಒಬ್ಬ ಮುದುಕಿಯ ಹತ್ತಿರ ತಂದದ್ದು, ಒಂದೊಂದರ ಮೇಲೂ ಹೂವಿನ ಕೆತ್ತನೆ. ಶಂಖದ ಮಣಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮಗಳು ಆ ಸರ ಹಾಕಿಕೊಂಡು ಧಾರೆಗೆ ನಿಲ್ಲಬೇಕು. ಮಹಾನಂದ ಆ ಮದುವೆಯಲ್ಲಿ ತನಗಾಗಿ ಕೇಳಿದ್ದು ಅದೊಂದನ್ನೇ.

ಗಂಡಿನ ಕಡೆಯವರು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿದ್ದ ಗಂಗಾಧರಯ್ಯನವರ ಮನೆತನ. ಗಂಗಾಧರಯ್ಯನವರ ಹೆಂಡತಿ ಗುರುಬಸಮ್ಮ, ಹುಡುಗನ ಅಜ್ಜಿ. ಆ ಮನೆಯಲ್ಲಿ ಆಕೆ ಹೂಂ ಎನ್ನದೆ ಹಾಲೂ ಕಾಯುತ್ತಿರಲಿಲ್ಲ. ಆಕೆ ಒಂದು ದಿನ ಸೀರೆ ನೋಡಲು ಬಂದವರು ಸರವನ್ನೂ ನೋಡಿದರು.

"ಇದೇನವ್ವ? ಎತ್ತಿನ ಕೊರಳಿಗೆ ಕಟ್ಟೋದಾ?"

ತನುಶ್ರೀ ಕಿಸಕ್ಕನೆ ನಕ್ಕಳು. ಮಹಾನಂದ ನಗುತ್ತಲೇ ಸರವನ್ನು ಅವರ ಮಡಿಲಲ್ಲಿಟ್ಟು ಒಂದೊಂದು ಊರನ್ನೂ ಹೇಳುತ್ತಾ ಹೋದಳು. ಗುರುಬಸಮ್ಮ ಅಕ್ಕಿ ನೋಡುವಂತೆ ಮಣಿಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. ಬಿಳಿ ಮಣಿ ಬಂದಾಗ ಬೆರಳು ನಿಂತಿತು.

"ಇದು?"

"ಶಂಖ ಅಜ್ಜಿ."

ಅಕ್ಕಿ ಮಂಡಿಯ ಹೆಂಗಸು. ಕಾಳು ಹಳೆಯದೋ ಹೊಸದೋ ಎಂದು ಹಲ್ಲಿನಲ್ಲಿ ಒತ್ತಿ ನೋಡುವ ಅಭ್ಯಾಸ. ಹಾಗೆಯೇ ಆ ಮಣಿಯನ್ನೂ ಬಾಯಿಗಿಟ್ಟು ಕಟಕ್ಕನೆ ಕಚ್ಚಿದರು. "ಹೂಂ, ಶಂಖಾನೇ. ಗಟ್ಟಿಯಾಗಿದೆ" ಎಂದು ಕಣ್ಣಿಗೊತ್ತಿಕೊಂಡರು. "ಚಿನ್ನ ಒಂಚೂರೂ ಇಲ್ಲ. ಆದ್ರೂ ಲಿಂಗದ ಹತ್ರ ಶಂಖ ಇದೆ ಅಂತ ಒಪ್ಕೊಂಡಿದೀನಿ, ತಿಳ್ಕೊ."

ಅವರು ಹೋದ ಮೇಲೆ ಮಹಾನಂದ ನನ್ನ ಕೈ ಹಿಡಿದು ಮಗುವಿನ ಹಾಗೆ ಕುಣಿದಳು.

ಮದುವೆಗೆ ವಾರವಿದ್ದಾಗ ಕೊನೆಯ ಕೆಲಸಕ್ಕೆ ಕೂತಳು. ಸರ ಗಟ್ಟಿಯಾಗಲೆಂದು ಎರಡೆಳೆ ದಾರ ಹಾಯಿಸುವಾಗ ಒಂದು ಬಿಳಿ ಮಣಿಯ ತೂತು ಸಾಲದಾಯಿತು. ಸೂಜಿಯನ್ನು ದೀಪಕ್ಕೆ ಹಿಡಿದು ಕೆಂಪಗೆ ಕಾಯಿಸಿ ತೂತಿನೊಳಗೆ ತಿರುಗಿಸಿದಳು. ಸಣ್ಣಗೆ ಹೊಗೆ ಎದ್ದಿತು.

"ಮಹಾನಂದ, ನಿನ್ನ ಕೂದಲು ಸುಡ್ತಿದೆ ನೋಡು!" ಎಂದು ನಾನು ಎದ್ದೇ ಬಿಟ್ಟೆ.

ಅವಳು ಜಡೆ ಮುಟ್ಟಿ ನೋಡಿಕೊಂಡಳು. ಕೂದಲು ಸುಟ್ಟಿರಲಿಲ್ಲ. ಮತ್ತೆ ಸೂಜಿ ಕಾಯಿಸಿ ಮತ್ತೆ ಮುಟ್ಟಿಸಿ ಮೂಗಿನ ಹತ್ತಿರ ತಂದಳು. ಮುಖ ಬಿಳುಚಿತು.

"ಶಂಖ ಸುಡಲ್ಲ ಅತ್ತಿಗೆ. ಹೀಗೆ ವಾಸ್ನೆ ಬರಲ್ಲ. ಇದು ಮೂಳೆ."

ಹುಟ್ಟಿದಾಗಿನಿಂದ ಅಡಿಗೆಮನೆಯಲ್ಲಿ ಮೂಳೆಯನ್ನೇ ಕಾಣದವರು ನಾವು. ಬೆಳ್ಳಗೆ, ಗಟ್ಟಿಯಾಗಿ, ತಣ್ಣಗಿರುವುದೆಲ್ಲ ನಮಗೆ ಶಂಖವೇ. ಆ ಮುದುಕಿ ಶಂಖ ಎಂದು ಹೇಳಿರಲಿಲ್ಲ, ಇವಳು ಕೇಳಿಯೂ ಇರಲಿಲ್ಲ.

ತನುಶ್ರೀ ಮಾತ್ರ ಹಗುರಾಗಿ ತೆಗೆದುಕೊಂಡಳು. "ಅಮ್ಮ, ಯಾರಿಗ್ ಗೊತ್ತಾಗತ್ತೆ? ಅಜ್ಜೀನೇ ಕಚ್ಚಿ ನೋಡಿ ಪಾಸ್ ಮಾಡಿದಾರಲ್ಲ!"

"ಕಣ್ಣಿಗೊತ್ಕೊಂಡಿದಾರೆ ಕಣೆ. ಆ ಕಣ್ಣಿಗೇ ಮಣ್ಣೆರಚಲಾ?"

"ಹೇಳಿದ್ರೆ ಸರಾನೇ ಬೇಡ ಅಂತಾರೆ."

ಮಹಾನಂದ ಸರವನ್ನು ಬಿಚ್ಚಿ ಬಿಳಿ ಮಣಿಗಳನ್ನು ತೆಗೆದು ಒಂದು ಬಟ್ಟೆಯಲ್ಲಿ ಮೆಲ್ಲಗೆ ಕಟ್ಟಿಟ್ಟಳು. ಎಸೆಯುತ್ತಾಳೇನೋ ಎಂದುಕೊಂಡೆ. "ಆ ಮುದುಕಿ ಒಂದೊಂದು ಎಸಳೂ ಕೆತ್ತಿದಾಳೆ ಅತ್ತಿಗೆ. ತಪ್ಪು ನಮ್ದು, ಅವಳ ಕೈಯದ್ದಲ್ಲ" ಎಂದಳು. ಮದುವೆಯೆಲ್ಲ ಕಳೆದ ಮೇಲೆ ಅದರಲ್ಲಿ ಬೇರೊಂದು ಸರ ಮಾಡಿ, ಮೂಳೆಯೆಂದು ಹೇಳಿಯೇ, ಕೊಡಗಿನ ಒಬ್ಬ ಟೀಚರಿಗೆ ಕೊಟ್ಟಳು. ಅವರು ಖುಷಿಯಿಂದ ಹಾಕಿಕೊಂಡರು.

ಮಾರನೆಯ ದಿನ ಅಕ್ಕಿಪೇಟೆಗೆ ನಾನೂ ಜೊತೆಗೆ ಹೋದೆ. ಮಹಾನಂದ ಸರವನ್ನು ಮುಂದಿಟ್ಟು ನಿಂತೇ ಹೇಳಿದಳು. ಗುರುಬಸಮ್ಮ ಕೇಳುತ್ತಾ ಕೇಳುತ್ತಾ ಎರಡು ಬೆರಳಿನಿಂದ ತಮ್ಮ ಹಲ್ಲನ್ನು ಮುಟ್ಟಿಕೊಂಡರು.

"ಅಯ್ಯೋ ಶಿವನೇ! ಕಚ್ಚಿದ್ನಲ್ಲೇ!"

ಎದ್ದು ಬಚ್ಚಲಿಗೆ ಹೋದರು. ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಹಣೆಗೆ ಹೊಸದಾಗಿ ವಿಭೂತಿ ಬಳಿದುಕೊಂಡು ಬಂದು ಕೂತರು.

"ಮೊಟ್ಟೆ ಕೂಡ ಮುಟ್ಟದ ಬಾಯಿ ಕಣವ್ವ ಇದು. ಯಾರ್ಯಾರಿಗೆ ಹೇಳಿದೀಯಾ?"

"ಮನೆಯವ್ರಿಗೆ ಮಾತ್ರ ಅಜ್ಜಿ. ತಪ್ಪಾಯ್ತು."

"ನಮ್ಮೆಜಮಾನ್ರ ಕಿವಿಗೆ ಬೀಳಬಾರ್ದು. ಬಿದ್ರೆ ನಾನು ಸಾಯೋವರೆಗೂ ಆಡ್ಕೋತಾರೆ." ಹೇಳುತ್ತಿದ್ದ ಹಾಗೆ ಹೊಟ್ಟೆ ಕುಲುಕಲು ಶುರುವಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮಹಾನಂದಳಿಗೆ ನಗಲೂ ಭಯ. ಆಮೇಲೆ ಕಣ್ಣೊರೆಸಿಕೊಂಡು ಸರವನ್ನು ಎತ್ತಿ ಹಿಡಿದರು. ನಟ್ಟನಡುವೆ ಬರೀ ದಾರ.

"ನಂಗೂ ಹೀಗೇ ಮುಂದಿನ ಹಲ್ಲು ಹೋಗಿದೆ. ಆದ್ರೆ ನಾನು ಮದುಮಗಳಲ್ಲ. ಇದನ್ನ ತುಂಬಿಸ್ಕೊಂಡು ಬಂದ್ರೆ ಸರಿ. ಇಲ್ಲಾಂದ್ರೆ ನಮ್ಮನೆ ಚಿನ್ನದ ಸರ ಹಾಕ್ತೀವಿ. ಆಗ ಮುಖ ಊದಿಸ್ಕೋಬಾರ್ದು."

ಅಲ್ಲಿಂದ ಮಹಾನಂದ ಪೇಟೆಯೆಲ್ಲ ಅಲೆದಳು. ಸ್ಫಟಿಕ ತಂದಳು, ಅದು ಮಿಂಚಿ ಕರಡಿಗೆಯನ್ನೇ ಮಂಕು ಮಾಡಿತು. ಮರದ ಬಿಳಿ ಮಣಿ ತಂದಳು; ಆಟದ ಸಾಮಾನಿನಂತೆ ಕಂಡಿತು. ತಂದಿದ್ದನ್ನೆಲ್ಲ ಪೋಣಿಸುವುದು, ದೂರ ಹಿಡಿಯುವುದು, ಬಿಚ್ಚುವುದು. ಮದುವೆ ಮನೆಯ ಗಲಾಟೆಯ ನಡುವೆ ಕಿಟಕಿಯ ಕೆಳಗೆ ಅವಳು ಸುಮ್ಮನೆ ಕೂತದ್ದು ನೋಡಿದರೆ ಸಂಕಟವಾಗುತ್ತಿತ್ತು.

"ಚಿನ್ನಾನೇ ಹಾಕ್ಕೋತೀನಿ ಬಿಡಮ್ಮ" ಎಂದಳು ತನುಶ್ರೀ, ಈ ಸಲ ನಗದೆ.

ಮಹಾನಂದಳ ಬೆರಳು ಸರದ ಮೇಲೆ ಓಡುತ್ತಿತ್ತು. ಊರಿಗೂ ಊರಿಗೂ ನಡುವೆ ತಾನೇ ಹಾಕಿದ್ದ ಒಂದು ಗಂಟಿನ ಹತ್ತಿರ ನಿಂತಿತು. ಅದನ್ನು ಉಗುರಿನಿಂದ ತಡವಿದಳು. ಆಮೇಲೆ ನನ್ನ ಬುಟ್ಟಿಗೆ ಕೈ ಹಾಕಿ ನೂಲಿನ ಉಂಡೆ ತೆಗೆದಳು.

"ಅತ್ತಿಗೆ, ತಗೊಳ್ಳಾ?"

"ನಿಂದೇ ತಾಯಿ. ತಗೋ."

ಗಂಟಿನ ಮೇಲೆ ಗಂಟು ಹಾಕಿ ಉಂಡೆ ಮಾಡಿದಳು. ಮೊದಲನೆಯದು ದೀಪದ ಹೂಬತ್ತಿಯಂತೆ ಕಂಡು ತನುಶ್ರೀಗೆ ಮತ್ತೆ ನಗು ಬಂತು. ಮಹಾನಂದ ಅದನ್ನು ಬಿಚ್ಚಿದಳು. ಕಚ್ಛಿನಲ್ಲಿ ರವಿಕೆಗೆ ನೂಲಿನ ಗುಂಡಿ ಹೆಣೆಯುವ ಹೆಂಗಸಿನ ಪಕ್ಕ ಕೂತು ಎಂದೋ ಕಲಿತ ಹೆಣಿಗೆ ಅವಳ ಕೈಯಲ್ಲಿತ್ತು. ಉಂಡೆಯ ಮೇಲೆ ಸೂಜಿಯಿಂದ ಬಲೆಯಂತೆ ಹೆಣೆದು ಎಳೆಯನ್ನು ಬಿಗಿದಳು. ದುಂಡಗೆ, ಬಿಗಿಯಾಗಿ, ಮಲ್ಲಿಗೆ ಮೊಗ್ಗಿನ ಹಾಗೆ ಒಂದು ಮಣಿ ಎದ್ದು ಬಂತು. ನಾನು ಬದುಕಿಡೀ ಮುಟ್ಟಿದ ನೂಲು ಅದು. ಅದರೊಳಗೆ ಇಂಥದ್ದೊಂದು ಇದೆಯೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಊಟ ತಿಂಡಿ ಎನ್ನದೆ ಕೂತು ಸಾಲು ತುಂಬಿಸಿದಳು. ಅಷ್ಟು ದಿನ ಮಣಿಗಳ ನಡುವೆ ದಾರಿಯಾಗಿದ್ದ ಗಂಟು ಈಗ ತಾನೇ ಒಂದು ಊರಾಗಿ ಕೂತಿತ್ತು.

ಮದುವೆಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ತನುಶ್ರೀಗೆ ಸರ ಹಾಕಿ ಅವಳ ಪಕ್ಕ ನಿಂತೆವು. ಕರಡಿಗೆಯ ಸುತ್ತ ಅದು ನಿಂತ ಬಗೆಗೆ ಯಾರ ಕಣ್ಣೂ ಆಚೆ ಈಚೆ ಹೋಗುತ್ತಿರಲಿಲ್ಲ. ಗುರುಬಸಮ್ಮ ಅರಿಸಿನದ ಬಟ್ಟಲು ಹಿಡಿದು ಒಳಗೆ ಬಂದರು. ಹುಡುಗಿಯ ಕೆನ್ನೆಗೆ, ಕೈಗೆ ಅರಿಸಿನ ಹಚ್ಚಿ, ಹಾಗೇ ಬಗ್ಗಿ ಬಿಳಿ ಮಣಿಯನ್ನು ನೋಡಿದರು.

"ಇದು ಯಾವ ದೇಶದ್ದು?"

"ಚಾಮರಾಜಪೇಟೇದು ಅಜ್ಜಿ. ಅತ್ತಿಗೆ ನೂಲು."

"ಶಿವದಾರದ ನೂಲಾ?" ಇನ್ನೂ ಹತ್ತಿರ ಹೋದರು. "ಕಚ್ಚಲ್ಲ, ಹೆದರ್ಕೋಬೇಡ." ಅರಿಸಿನದ ಕೈಯಲ್ಲೇ ಮಣಿ ಹಿಡಿದು ಹಿಸುಕಿ ನೋಡಿದರು. ನೂಲು ಅರಿಸಿನವನ್ನು ಕುಡಿಯಿತು.

ಮಹಾನಂದ ಹೌಹಾರಿ ಸೆರಗು ಹಿಡಿದು ಒರೆಸಲು ಮುಂದಾದಳು. ಗುರುಬಸಮ್ಮ ಅವಳ ಕೈಯನ್ನು ತಳ್ಳಿದರು. ಬಟ್ಟಲಿಗೆ ಮತ್ತೆ ಬೆರಳದ್ದಿ, ಮುಂದಿನ ಮಣಿ, ಅದರ ಮುಂದಿನದು, ಒಂದನ್ನೂ ಬಿಡದೆ ಸಾಲಿಗೆಲ್ಲ ಅರಿಸಿನ ಹಚ್ಚಿದರು. ಹಿಂದೆ ಸರಿದು ತಲೆ ವಾರೆ ಮಾಡಿ ನೋಡಿದರು.

"ಈಗ ಬಂತು ನೋಡು ಚಿನ್ನ. ನಡಿಯವ್ವ ತನುಶ್ರೀ, ಧಾರೆಗೆ ಹೊತ್ತಾಯ್ತು."