ಬಸಳೆ ಬುಡದ ನೀರು

ಬಸಳೆ ಚಪ್ಪರದ ಕಂಬಕ್ಕೆ ಯಾರೋ ನೋಟಿಸು ಕಟ್ಟಿ ಹೋಗಿದ್ದರು. ನೀವು ಗಟಾರದ ನೀರಲ್ಲಿ ತರಕಾರಿ ಬೆಳೆಯುತ್ತಿದ್ದೀರಿ, ಮುಂದಿನ ವಾರದೊಳಗೆ ಕಿತ್ತು ಹಾಕಿ, ಇಲ್ಲವಾದರೆ ನಾವೇ ಬಂದು ಕೀಳುತ್ತೇವೆ ಎಂದು ಪಾಲಿಕೆಯ ವಾರ್ಡ್ ಆಫೀಸಿನ ಹೆಸರಲ್ಲಿ ಮರಾಠಿಯಲ್ಲಿ ಬರೆದಿತ್ತು.

ನಮ್ಮ ತೋಟ ಇರುವುದು ಕಲ್ಯಾಣದ ಆಚೆ, ಕೊಳಚೆ ನಾಲಾದ ದಂಡೆಯಲ್ಲಿ. ಜಾಗ ಮುರಾರಿ ಪಾಟೀಲರದ್ದು. ಅವರು ಬೇಸಾಯ ಬಿಟ್ಟ ಮೇಲೆ ನಮ್ಮ ಬಚತ್ ಗಟ್ಟಿನ, ಅಂದರೆ ಉಳಿತಾಯ ಸಂಘದ, ಹೆಂಗಸರೆಲ್ಲ ಅಲ್ಲಿ ಹರಿವೆ, ಅಲಸಂಡೆ, ಬಸಳೆ ಬೆಳೆಯುತ್ತೇವೆ. ನೀರು ಅಲ್ಲಿನ ಬಾವಿಯದು. ಆ ಬಸಳೆ ಬಳ್ಳಿಯನ್ನು ನಮ್ಮತ್ತೆ ಪ್ರಫುಲ್ಲಾ ಕರಾವಳಿಯ ನಮ್ಮ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದದ್ದು. ನೋಟಿಸು ಓದಿಸಿಕೊಂಡು ಅವರು ತುಂಬಾ ಹೊತ್ತು ಬಳ್ಳಿ ಹಿಡಿದೇ ನಿಂತರು.

ಮಾವ ಪೂವಪ್ಪ ಠಾಣೆ ಶಹರದ ಹೋಟೆಲೊಂದರ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಾ ಕೂರುವವರು. ಹೋಟೆಲಿಗೆ ಸಾಹೇಬರು ಬಂದರೆ ಫ್ಯಾನಿನ ಕೆಳಗೆ ಕುರ್ಚಿ, ಸ್ಪೆಷಲ್ ಕಾಫಿ, ಹೊರಡುವಾಗ ಕೈಗೊಂದು ಕವರು. ಇಲ್ಲಿಯೂ ಹಾಗೇ ಮಾಡಬೇಕು ಎಂದರು.

"ಸರಕಾರದವರ ಹತ್ರ ವಾದ ಎಂತ ಮಾಡುದು ಮಾರಾಯ್ತಿ? ಕೈ ಮುಗಿ, ಅವರ ಕೈ ಬಿಸಿ ಮಾಡು."

"ಕದ್ದವರು ಕೊಡ್ಲಿ," ಎಂದರು ಅತ್ತೆ. "ನಾನು ಬಾವಿಯಿಂದ ಎಳೆದ ನೀರು ಹಾಕಿದ್ದೇನೆ."

ಗಟ್ಟಿನ ಉಮಾವತಿ ಅಕ್ಕನಿಗೆ ವಾರ್ಡ್ ಆಫೀಸಿನ ದಾರಿ ಗೊತ್ತು. ನೋಟಿಸು ಹರಿಯಬೇಡಿ, ಅಳಬೇಡಿ, ಕೇಳಿ ಎಂದರು. ಯಾವ ನಿಯಮ ಎಂದು ಕೇಳಿ, ಅದರ ಪ್ರತಿ ಕೇಳಿ. ಕೀಳುವ ಮೊದಲು ನಮ್ಮ ಮಾತು ಆಲಿಸಿ ಎಂದು ಬರೆದು ಕೊಡಿ, ನಮ್ಮ ಪ್ರತಿಯ ಮೇಲೆ ಆಫೀಸಿನ ಮೊಹರು, ಸಿಕ್ಕಾ, ಹಾಕಿಸಿಕೊಳ್ಳಿ.

"ಬಾಯಲ್ಲಿ ಹೇಳಿದ್ದು ಲೋಕಲ್ ಟ್ರೈನಿನ ಸೀಟಿನ ಹಾಗೆ. ಎದ್ದ ಕೂಡ್ಲೇ ಬೇರೆಯವರದ್ದು."

ಮಾವ ನಕ್ಕರು. "ಹೋಗಿ, ಹೋಗಿ. ಸಾಹೇಬ್ರು ನಿಮ್ಗೆ ಪುಂಡಿ ಬಸಳೆ ಮಾಡಿ ಬಡಿಸ್ತಾರೆ."

ಮೊದಲ ದಿನ ವಾರ್ಡ್ ಆಫೀಸಿನಲ್ಲಿ ಸಾಹೇಬರಿಲ್ಲ ಎಂದರು. ನಾವು ಮೆಟ್ಟಿಲ ಮೇಲೆ ಕೂತೆವು. ಮಾರನೆಯ ದಿನವೂ ಕೂತೆವು. ಕೊನೆಗೆ ಸಾಹೇಬರು ಒಳಗೆ ಕರೆದು, ಅರ್ಜಿ ಓದಿ, ನಿಯಮದ ಪ್ರತಿ ಕೊಡಿಸಿದರು. ಅದರಲ್ಲಿ ನಾಲಾದ ನೀರು ಹಾಕಬಾರದು ಎಂದಿತ್ತೇ ಹೊರತು, ನಾಲಾದ ಪಕ್ಕ ಬೆಳೆಯಬಾರದು ಎಂದಿರಲಿಲ್ಲ. ಬಂದು ನಮ್ಮ ಬಾವಿ ನೋಡಿ ಎಂದು ಅತ್ತೆ ಕೇಳಿದರು. ಬರುತ್ತೇನೆ, ಆದರೆ ನೋಟಿಸು ಕಟ್ಟಿಸಲು ಬಂದಾಗ ಬಳ್ಳಿಯ ಪಕ್ಕದ ಡ್ರಮ್ಮಿನಲ್ಲಿ ಕಪ್ಪಗೆ ನಾರುವ ನೀರನ್ನು ನಾನೇ ಕಣ್ಣಾರೆ ನೋಡಿದ್ದೇನಲ್ಲ ಎಂದರು ಸಾಹೇಬರು.

ಬನ್ನಿ, ಅದೇನೆಂದು ಅಲ್ಲೇ ತೋರಿಸಿ ಹೇಳುತ್ತೇನೆ ಎಂದರು ಅತ್ತೆ. ಅದು ಮೀನು ತೊಳೆದ ನೀರು. ನಮ್ಮ ಕಡೆ ಬಸಳೆ ಬುಡಕ್ಕೆ ಅದನ್ನೇ ಹಾಕುವುದು, ಎಲೆ ದಪ್ಪ ಬರುತ್ತದೆ. ನಾವು ಗಟ್ಟಿನ ಎಲ್ಲ ಮನೆಗಳಿಂದ ತಂದು ಡ್ರಮ್ಮಿನಲ್ಲಿ ಕೂಡಿಡುತ್ತಿದ್ದೆವು.

ಸಾಹೇಬರು ಬರುವ ಮೊದಲೇ ಡ್ರಮ್ ಕವುಚಿ ಹಾಕು ಎಂದರು ಮಾವ.

"ಅಡಗಿಸಿಟ್ರೆ ಅದು ಗಟಾರದ ನೀರೇ ಅಂತ ಆಯ್ತು," ಎಂದರು ಅತ್ತೆ. "ಅಲ್ಲೇ ಇರ್ಲಿ."

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ಮಾವ ಹೋಟೆಲಿನ ಅಭ್ಯಾಸದಂತೆ ಕುರ್ಚಿ, ಥರ್ಮಾಸಿನಲ್ಲಿ ಕಾಫಿ ತಂದಿಟ್ಟಿದ್ದರು. ಸಾಹೇಬರು ಕೂರಲಿಲ್ಲ. ಅತ್ತೆ ತಾವೇ ಅವರನ್ನು ಡ್ರಮ್ಮಿನ ಹತ್ತಿರ ಕರೆದೊಯ್ದು, ಇದು ಬಂಗುಡೆ ತೊಳೆದ ನೀರು, ಬಳ್ಳಿಗೆ ಗೊಬ್ಬರ ಎಂದರು. ಸಾಹೇಬರು ಬಗ್ಗಿ ನೋಡಿ, ಮೇಲೆ ಆಡುತ್ತಿದ್ದ ಹುಳ ತೋರಿಸಿದರು. ಸೊಳ್ಳೆಯ ಮರಿಗಳು. ನೀರು ಹೀಗೆ ತೆರೆದಿಡುವುದೂ ನಿಯಮಕ್ಕೆ ವಿರುದ್ಧ ಎಂದರು.

ಮಾವ ಕೈ ಮುಗಿಯಲು ಹೊರಟರು. ಅತ್ತೆ ಅವರ ಕೈ ಕೆಳಗಿಳಿಸಿ, ತರಕಾರಿ ಮಾರುವ ತಮ್ಮ ಮರಾಠಿಯಲ್ಲೇ ಹೇಳಿದರು: "ಸಾಹೇಬ್, ಇದು ನಮ್ಮ ತಪ್ಪು. ಇವತ್ತೇ ತೆಗೀತೇನೆ. ಆದ್ರೆ ನಾವು ಮಾಡಿದ ತಪ್ಪು ಬರೀರಿ, ಮಾಡದ್ದು ಬರೀಬೇಡಿ. ಬಾವಿ ನೀರು ಪರೀಕ್ಷೆ ಮಾಡಿ. ಅದು ಕೆಟ್ಟದ್ದು ಅಂತಾದ್ರೆ ಬಳ್ಳಿ ನಾನೇ ಕೀಳ್ತೇನೆ. ಅಲ್ಲಿವರೆಗೆ ಯಾರೂ ಇದನ್ನು ಮುಟ್ಟುದು ಬೇಡ."

ಸಾಹೇಬರು ಬಾವಿ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಹೋದರು.

ನೀರು ಚೆನ್ನಾಗಿದೆ ಎಂದು ವರದಿ ಬಂತು. ನೋಟಿಸು ಹಿಂದೆ ತೆಗೆದುಕೊಂಡದ್ದನ್ನು ಬರಹದಲ್ಲೇ ಕೊಟ್ಟರು. ಈಗ ಮೀನಿನ ನೀರನ್ನು ಕೂಡಿಡುವುದಿಲ್ಲ, ಅಂದಂದೇ ಬುಡಕ್ಕೆ ಹಾಕಿ ಮಣ್ಣು ಎಳೆಯುತ್ತೇವೆ.

ಆದರೆ ನಾವು ಅಷ್ಟಕ್ಕೇ ಬಿಟ್ಟಿಲ್ಲ. ಯಾವ ತೋಟಕ್ಕಾದರೂ ನೋಟಿಸು ಕಟ್ಟುವ ಮೊದಲು ನೀರು ಪರೀಕ್ಷೆ ಆಗಬೇಕು, ನಿಯಮದಲ್ಲಿ ಹಾಗೆಂದು ಸೇರಿಸಿ ಎಂದು ಬರೆದು ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಹೋಗುತ್ತೇವೆ. ಮಾವ ರಜೆ ಹಾಕಿದ್ದಾರೆ, ಥರ್ಮಾಸ್ ತೊಳೆದಿಟ್ಟಿದ್ದಾರೆ. ಕಾಫಿ ಸಾಹೇಬರಿಗಾ ಎಂದು ಅತ್ತೆ ಕೆಣಕಿದರು.

"ಅಲ್ಲ. ಮೆಟ್ಟಿಲ ಮೇಲೆ ಕೂರುವವರಿಗೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಳ್ಳಿಗೂ ಇಂಥ ಕಾಗದ ಕಟ್ಟಿದರೆ ಹೆದರಿ ಕೀಳಬೇಡಿ, ಕವರು ಹಿಡಿದು ಓಡಬೇಡಿ. ನಿಯಮ ಕೇಳಿ ಓದಿಸಿಕೊಳ್ಳಿ. ನಿಮ್ಮ ತಪ್ಪಿದ್ದರೆ ಒಪ್ಪಿ ತಿದ್ದಿಕೊಳ್ಳಿ. ತಪ್ಪಿಲ್ಲದ ಕಡೆ ಕದಲಬೇಡಿ. ಒಬ್ಬರೇ ಹೋಗಬೇಡಿ, ಮೆಟ್ಟಿಲ ಮೇಲೆ ನಮಗೆಲ್ಲ ಜಾಗ ಇದೆ.